ದಾರಿಯಲ್ಲಿ ಕಂಡವರ ಪಾಲು

"ಇಲ್ಲಿಂದ ಮೇಲಕ್ಕೆ ದಾರಿ ಇಲ್ಲ ಸಾಹೇಬ್ರೆ. ಬರೀ ಪ್ರಪಾತ," ಎಂದು ಲಾವುಂಗ್ ಮತ್ತೊಮ್ಮೆ ಸುಳ್ಳು ಹೇಳಿದ.

ಜಪಾನಿ ಮೋಜಣಿದಾರ ಕುವಾಬಾರ ಮೂರು ಕಾಲಿನ ಹಲಗೆಯ ಮೇಲಿನ ನಕ್ಷೆಯ ಹಾಳೆಯಿಂದ ತಲೆ ಎತ್ತಲಿಲ್ಲ. "ಹನ್ನೊಂದು ದಿನದಿಂದ ಇದೇ ರಾಗ. ನಿಮ್ಮ ಬುನುನ್ ಜನ ಏನು, ಹಾರ್ಕೊಂಡು ಹೋಗ್ತಾರಾ?" ಈ ಬೆಟ್ಟದವರ ಬುನುನ್ ಮಾತು ಅವನಿಗೆ ಚೆನ್ನಾಗಿ ಬರುತ್ತಿತ್ತು. ಅದೇ ಪೀಡೆ.

ಆ ಹಾಳೆಯಲ್ಲಿ ಗೆರೆ ಬಿದ್ದ ಕಡೆಗೆಲ್ಲ ಪೊಲೀಸರು ಬರುತ್ತಿದ್ದರು. ಹೋದ ವರ್ಷ ಮೂರು ಹಟ್ಟಿಗಳಿಗೆ ಬೆಂಕಿ ಇಟ್ಟು ಜನರನ್ನು ಬೆಟ್ಟದ ಕೆಳಗಿನ ಬಯಲಿಗೆ ದಬ್ಬಿದ್ದರು. ಅಲ್ಲಿನ ಚಳಿಜ್ವರಕ್ಕೆ ಲಾವುಂಗ್‌ನ ತಾಯಿ ಸತ್ತಳು. ಈಗ ಉಳಿದದ್ದು ಕಣಿವೆಯ ತುದಿಯಲ್ಲಿ ಸೋದರಮಾವ ಕೈಸುಲ್‌ನ ಹಟ್ಟಿಯೊಂದೇ, ನಾಲ್ಕು ಕಲ್ಲುಮನೆ. ಅದಕ್ಕೇ ಲಾವುಂಗ್ ಈ ಕೂಲಿಗೆ ಸೇರಿದ್ದು. ದಾರಿ ತೋರಿಸುವವನು ತಾನಾದರೆ ದಾರಿ ತಪ್ಪಿಸಲೂಬಹುದು.

ಜರೀಗಿಡಗಳು ಅಲುಗಿದವು. ಕಾಡುಕುರಿಯನ್ನು ಹೆಗಲ ಮೇಲೆ ಹೊತ್ತು ಕೈಸುಲನೇ ಹೊರಬಂದ.

"ನೀನ್ಯಾಕೆ ಬಂದೆ ಮಾವ?"

"ಮಾತು ಕೇಳಿಸ್ತು. ದಾರೀಲಿ ಕಂಡೋರಿಗೆ ಪಾಲು ಕೊಡದೆ ಹೋದ್ರೆ ನಾಳೆ ನನ್ನ ಉರುಳಿಗೆ ಏನು ಬೀಳುತ್ತೆ, ಗಾಳಿಯಾ?" ಮುದುಕ ಆಗಲೇ ಕುಕ್ಕರಗಾಲಲ್ಲಿ ಕುಳಿತು ಕತ್ತಿ ಎಳೆದಿದ್ದ.

"ಇವನು ನಮ್ಮವನಲ್ಲ."

"ಹೊಟ್ಟೆ ಇದೆಯಲ್ಲ. ಬಯಲಿಗೆ ಹೋಗಿ ಮರ್ಯಾದೆ ಕಳ್ಕೊಂಡಿದ್ದೀಯ ನೀನು."

ಮುದುಕ ಕೊಯ್ದುಕೊಟ್ಟ ತೊಡೆಯ ತುಂಡನ್ನು ಸಾಹೇಬ ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸಿದ. ಬಾಗಿದ ಆ ಕತ್ತನ್ನು ಕಂಡು ಲಾವುಂಗ್‌ನ ಕೈ ತನ್ನ ಸೊಂಟದ ಕತ್ತಿಗೆ ಹೋಯಿತು. ಸಾಹೇಬನ ಕಾವಲಿಗೆ ಬಂದಿದ್ದ ಬಂದೂಕಿನ ಇಬ್ಬರು ಸಿಪಾಯಿಗಳು ಅವನನ್ನೇ ನೋಡುತ್ತಿದ್ದರು.

"ಅಜ್ಜ, ಇಲ್ಲಿ ದಾರಿ ಇಲ್ಲ ಅಂತಾನೆ ನಿಮ್ಮ ಅಳಿಯ," ಎಂದ ಸಾಹೇಬ.

"ಇಲ್ವಾ? ಇವನು ನಡೆಯೋದು ಕಲಿತಿದ್ದೇ ಆ ದಾರೀಲಿ," ಮುದುಕ ನಕ್ಕು ಹಾಳೆಯ ಮೇಲೆ ಬಾಗಿದ. ಹಾಳೆ ಎಂಬುದನ್ನು ಅವನು ಕಂಡದ್ದು ಅದೇ ಮೊದಲು. "ಇದು ನಮ್ಮ ಹೊಳೆಯಾ?"

"ಮಾವ, ಸುಮ್ಮನಿರು. ಆ ಗೆರೆ ಹಿಡ್ಕೊಂಡೇ ಪೊಲೀಸರು ಬರೋದು."

ಕೈಸುಲ್ ಅಳಿಯನನ್ನು ನೋಡಿದ, ಸಾಹೇಬನ ಕೈಯಲ್ಲಿದ್ದ ಮಾಂಸವನ್ನು ನೋಡಿದ. "ನನ್ನ ಕೈಯಿಂದ ಪಾಲು ತಗೊಂಡೋನು ನನ್ನ ಮನೆಗೆ ಎರಡು ಬಗೀತಾನಾ? ಎಂಥ ಮಾತಾಡ್ತೀಯೋ." ಅಳಿಯನ ಪರವಾಗಿ ನಾಚಿದವನಂತೆ ಹಾಳೆಯ ಮೇಲೆ ಬೆರಳಿಟ್ಟ. "ಹೊಳೆ ತಪ್ಪಾಗಿದೆ ನೋಡಿ. ಬಂಡೆ ಹತ್ರ ಎಡಕ್ಕೆ ತಿರುಗುತ್ತೆ. ಹಿಂಗೆ. ಇಲ್ಲಿ ನಮ್ಮನೆ."

ಬೆರಳು ಹೋದಲ್ಲೆಲ್ಲ ಕಾಡುಕುರಿಯ ನೆತ್ತರು ಹತ್ತಿತು. ಸಾಹೇಬ ಒರೆಸಲಿಲ್ಲ. ಪೆನ್ಸಿಲ್ ಹಿಡಿದು ಅದರ ಪಕ್ಕದಲ್ಲೇ ಚುಕ್ಕಿ ಇಡುತ್ತ ಹೋದ, ಕೊನೆಗೆ ನಾಲ್ಕು ಸಣ್ಣ ಚೌಕ. ಆಮೇಲೆ ಒಣಗಲೆಂದು ಹಲಗೆಯನ್ನು ಬಿಸಿಲಿಗೆ ತಿರುಗಿಸಿದ.

ಹಾಳೆಗೆ ನೆರಳು ಬೀಳದಿರಲೆಂದು ಮುದುಕ ಒಂದು ಜರೀಗಿಡವನ್ನು ಬಗ್ಗಿಸಿ ಹಿಡಿದುಕೊಂಡು ನಿಂತ.