ಅಕ್ಕನ ಬದಲಿಗೆ

ಹೂವು ಹಿಡಿದು ಒಳಗೆ ಕಾಲಿಡುತ್ತಿದ್ದ ಮುದುಕ ಬಾಗಿಲಲ್ಲಿ ನಿಂತವಳನ್ನು ಕಂಡು ಬೆಚ್ಚಿಬಿದ್ದ. ಸತ್ತವಳ ಜೊತೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿದ್ದವನು. ಅವಳೇ ಎದ್ದುಬಂದು ಬಾಗಿಲು ಕಾಯುತ್ತಿದ್ದಾಳೆ ಎಂದುಕೊಂಡನೋ ಏನೋ, ಪಾಪ.

"ಹೆದರ್ಬೇಡಿ, ನಾನು ತಂಗಿ. ನಾವು ಅವಳಿಜವಳಿ. ಅಕ್ಕ ಒಳಗಿದ್ದಾಳೆ."

"ಥೇಟ್ ಅವರ ಹಾಗೇ ಇದೀರಲ್ಲಮ್ಮ!"

ಬೆಳಗಿನಿಂದ ಎಲ್ಲರದೂ ಅದೇ ಮಾತು. ಕೇಳಿದಾಗಲೆಲ್ಲ ತಂಗಿಗೆ ಮುಖ ಮುಚ್ಚಿಕೊಳ್ಳುವಂತಾಗುತ್ತಿತ್ತು.

ಒಳಗೆ ಅಕ್ಕನ ಮಗಳು ಡಾಕ್ಟರಮ್ಮನನ್ನು ಕೇಳುತ್ತಿದ್ದಳು. "ಇಬ್ರೂ ಒಂದೇ ಅಚ್ಚು. ಮರೆವಿನ ಕಾಯಿಲೆ ಅಮ್ಮಂಗೆ ಮಾತ್ರ ಯಾಕೆ ಬಂತು?"

"ಜೀನ್‌ಗಳು ಒಂದೇ ಇದ್ರೂ ಒಬ್ಬರ ಮಿದುಳಲ್ಲಿ ಕೆಲವು ಜೋರಾಗಿ ಕೆಲಸ ಮಾಡ್ತವೆ, ಇನ್ನೊಬ್ಬರಲ್ಲಿ ಮೆತ್ತಗಿರ್ತವೆ. ರೇಡಿಯೊ ಒಂದೇ, ದನಿ ಹೆಚ್ಚುಕಮ್ಮಿ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಆದ್ರೆ ನೆನಪಿನ ಮೊದಲನೇ ಪರೀಕ್ಷೇಲಿ ನಿಮ್ಮಮ್ಮ ಒಂದೂ ತಪ್ಪು ಮಾಡಿರಲಿಲ್ಲ. ಅದೇ ನಂಗೆ ಆಶ್ಚರ್ಯ."

ಬಾಗಿಲಲ್ಲಿದ್ದ ತಂಗಿ ಮುಖ ಆಚೆ ತಿರುಗಿಸಿದಳು.

\* \* \*

ಆ ಪರೀಕ್ಷೆಯ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಅಕ್ಕ ಅವಳ ಕೈ ಹಿಡಿದು ಗೋಗರೆದಿದ್ದಳು. ಅಂಗಡಿಯಲ್ಲಿ ಅಕ್ಕ ಬಲಗಣ್ಣಿನ ಗಾಜನ್ನು ಎಡಗಣ್ಣಿಗೆ ಕೂರಿಸಿ ಗಿರಾಕಿಗಳಿಂದ ಬೈಸಿಕೊಳ್ಳಲು ಶುರುಮಾಡಿದ್ದ ಕಾಲ.

"ಮರೆವು ಅಂತ ಬರೆದುಕೊಟ್ರೆ ಕೆಲಸ ಹೋಗುತ್ತೆ ಕಣೇ. ನೀನೇ ನಾನಾಗಿ ಹೋಗಿ ಕೂತ್ಕೊ. ಸ್ಕೂಲಲ್ಲಿ ನಿನ್ನ ಲೆಕ್ಕದ ಪರೀಕ್ಷೆ ನಾನು ಬರೀಲಿಲ್ವಾ?"

ತಂಗಿ ಹೋಗಿ ಕೂತಳು. ಗಡಿಯಾರದ ಚಿತ್ರ ಬರೆದಳು, ಹೇಳಿಕೊಟ್ಟ ಪದಗಳನ್ನೆಲ್ಲ ಪಟಪಟನೆ ಒಪ್ಪಿಸಿದಳು. ಹೊರಬಂದು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಪೂರ್ತಿ ಅಂಕ ಬಂದದ್ದಕ್ಕೆ ಅವಳಿಗೆ ಹೆಮ್ಮೆ ಬೇರೆ! ಅದನ್ನು ನೆನೆದರೆ ಈಗ ನಾಚಿಕೆಯಿಂದ ಹಿಡಿಯಷ್ಟಾಗುತ್ತಾಳೆ.

\* \* \*

ಡಾಕ್ಟರಮ್ಮ ಹೋದ ಮೇಲೆ ಮಗಳು ಬಂದು, ಕುರ್ಚಿಯಲ್ಲಿ ಕೂತಿದ್ದ ತಂಗಿಯ ಕಾಲ ಬಳಿ ಕುಸಿದಳು.

"ಪರೀಕ್ಷೆ ಸರಿ ಬಂದಿತ್ತಲ್ಲ ಚಿಕ್ಕಮ್ಮ, ಅಮ್ಮ ಬೇಕಂತಲೇ ನಾಟಕ ಆಡ್ತಾಳೆ ಅಂದ್ಕೊಂಡೆ. ಒಲೆ ಆರಿಸೋದು ಮರೆತಾಗ... ಅಮ್ಮನ ಮೇಲೆ ಕೈ ಮಾಡ್ಬಿಟ್ಟೆ."

ತಂಗಿ ಅವಳ ತಲೆಯ ಮೇಲೆ ಕೈಯಿಟ್ಟಳು.

"ನಿಮ್ದು ಅಮ್ಮನ ದನೀನೇ. 'ಹೋಗ್ಲಿ ಬಿಡು ಮಗಳೇ' ಅಂತ ಅಮ್ಮ ಆಗಿ ಒಂದ್ಸಲ ಹೇಳ್ಬಿಡಿ."

ಮಂಡಿ ಹಿಡಿದು, ಮಡಿಲಲ್ಲಿ ಮುಖವಿಟ್ಟು, ಅವಳು ಕಾದಳು. ಹೇಳಿಬಿಟ್ಟರೆ ಇಬ್ಬರಿಗೂ ನೆಮ್ಮದಿ. ಮಾತು ತಂಗಿಯ ನಾಲಿಗೆಯ ತುದಿಗೆ ಬಂದೂಬಿಟ್ಟಿತ್ತು.

"ಮಗಳೇ," ಎಂದಳು. "ಅವತ್ತು ಪರೀಕ್ಷೆಗೆ ಕೂತಿದ್ದು ನಿಮ್ಮಮ್ಮ ಅಲ್ಲ. ನಾನು."

ಮಗಳು ತಲೆ ಎತ್ತಲಿಲ್ಲ. ಮಂಡಿ ಹಿಡಿದಿದ್ದ ಬೆರಳುಗಳು ಮಾತ್ರ ಒಂದೊಂದಾಗಿ ಸಡಿಲವಾದವು.