ಹೆಲ್ಮೆಟ್ಟಿಗೊಂದು ಕಣ್ಣು

ಕಲಬುರಗಿ ಹತ್ತಿರದ ಕಮಲಾಪುರದ ದೌಲಪ್ಪನ ಅಂಗಿ ಜೇಬಿಗೆ ಮಗಳ ಸ್ಕೂಟಿಯ ಚಾವಿ ಸೇರಿ ವಾರವಾಗಿತ್ತು. ಊಟಕ್ಕೆ ಕೂತರೂ ಅವನ ಕೈ ಜೇಬು ಮುಟ್ಟಿ ನೋಡುತ್ತಿತ್ತು. ತನ್ನ ಕೆಂಪು ಬಾಳೆಯ ತೋಟಕ್ಕೂ ಅವನು ಅಷ್ಟು ಕಾವಲು ಕಾದವನಲ್ಲ!

ಆದದ್ದಿಷ್ಟು. ಮಗಳು ಭುವನೇಶ್ವರಿ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಸೇಡಂ ರಸ್ತೆಯಲ್ಲಿ ರಾಂಗ್ ಸೈಡಿನಿಂದ ನುಗ್ಗಿದ ಆಟೊ ಅವಳ ಸ್ಕೂಟಿಗೆ ಬಡಿಯಿತು. ದೇವರು ದೊಡ್ಡವನು, ಪೆಟ್ಟಾಗಲಿಲ್ಲ. ಆದರೆ ನೆರೆದ ಮಂದಿಯದೆಲ್ಲ ಒಂದೇ ರಾಗ: "ಹೆಣ್ಮಕ್ಕಳು ಗಾಡಿ ಹೊಡದ್ರ ಹಿಂಗೇ ನೋಡ್ರಿ!" ಆ ಮಾತು ಊರಿಗೂ ಬಂತು. ದೌಲಪ್ಪ ಮಗಳನ್ನು ಬಿಟ್ಟು ಮಂದಿಯನ್ನು ನಂಬಿ ಚಾವಿ ಕಿತ್ತುಕೊಂಡ. ಈಗ ಬಸ್ಸು ಕಾಯುತ್ತ ಅವಳು ದಿನವೂ ತಡ. ಹೀಗೇ ಆದರೆ ಕೆಲಸ ಬಿಡಬೇಕಾದೀತೆಂದು ಆಸ್ಪತ್ರೆಯವರು ಎಚ್ಚರಿಸಿದ್ದರು.

ರವಿವಾರ ಬೆಳಿಗ್ಗೆ ಅವಳ ಜೊತೆ ಕೆಲಸ ಮಾಡುವ ಹಾಜಿರಾ ತನ್ನ ಗಾಡಿಯಲ್ಲಿ ಮನೆಗೆ ಬಂದಳು. ಭುವನೇಶ್ವರಿ ಹೇಳಿ ತರಿಸಿದ ಪುಟ್ಟ ಡಬ್ಬಿ ಅವಳ ಕೈಯಲ್ಲಿತ್ತು.

"ಕಾಕಾ, ಇದು ಹೆಲ್ಮೆಟ್ಟಿಗಿ ಹಚ್ಚೋ ಕ್ಯಾಮೆರಾ. ಯಾರು ಅಡ್ಡ ಬಂದ್ರು ಅಂತ ಇದೇ ಹೇಳ್ತದ್ರಿ."

"ಏ ಹೋಗವ್ವಾ! ತಲಿ ಮ್ಯಾಲ ಕಲ್ಲು ಹೊತ್ತಂಗ ಆಗ್ತದ."

"ಅದಕ್ಕೇ ಎರಡು ಭಾಗ ಇರೋದು ತಂದೀನ್ರಿ. ಹೆಲ್ಮೆಟ್ ಮ್ಯಾಲ ಬರೇ ಈ ಬೆರಳಷ್ಟು ಕಣ್ಣು. ವಿಡಿಯೊ ತುಂಬಿಕೊಳ್ಳೋ ರೆಕಾರ್ಡರ್ ಜೇಬಿನಾಗ. ನಡುವ ವೈರು."

ಭುವನೇಶ್ವರಿಯ ತಾಯಿ ಕಸ್ತೂರಿಬಾಯಿ ಚಹಾ ತಂದಿಟ್ಟು ಕೇಳಿದಳು: "ರೆಕಾರ್ಡರ್ ಹ್ಯಾಂಗ ಆರಿಸೋದವ್ವಾ? ಅಂಗಡ್ಯಾಗ ಎಲ್ಲಾ ಒಂದೇ ಕಾಣ್ತಾವ."

"ಕಾಕಿ, ಕ್ಯಾಮೆರಾದ ಪಿನ್ನು ಇದಕ್ಕ ಕೂಡಬೇಕು, ಅದು ಮದಲ. ಕಲಬುರಗಿಗಿ ಹೋಗಿ ಬರೋತನಾ ಬ್ಯಾಟರಿ ತಡೀಬೇಕು. ಕಾರ್ಡು ತುಂಬಿದ್ರ ಹಳೇದು ಅಳಿಸಿ ಹೊಸದು ತಾನೇ ತುಂಬಿಕೋಬೇಕು. ಮತ್ತ ಲಾಕ್ ಇರಬೇಕು. ಇಲ್ಲಾಂದ್ರ ಜೇಬಿನಾಗ ಗುಂಡಿ ಒತ್ತಿ ಬಂದ್ ಆಗಿಬಿಡ್ತದ."

ಭುವನೇಶ್ವರಿ ತಾರೀಖು, ವೇಳೆ ಸರಿಮಾಡಿದಳು. ದೌಲಪ್ಪನಿಗೂ ಹುರುಪು ಬಂತು. ಒಳಗಿಂದ ಡ್ರಿಲ್ ಮಷಿನ್ ಹಿಡಿದು ಬಂದ. "ಹೆಲ್ಮೆಟ್ಟಿಗಿ ತೂತು ಹೊಡೀಲೇನು?"

"ಯಪ್ಪಾ, ಬ್ಯಾಡ!" ಗೆಳತಿಯರಿಬ್ಬರೂ ಒಟ್ಟಿಗೇ ಕೂಗಿದರು.

"ತೂತು ಬಿದ್ದ ಹೆಲ್ಮೆಟ್ ತಲಿ ಕಾಯಂಗಿಲ್ರಿ ಕಾಕಾ," ಎಂದಳು ಹಾಜಿರಾ. "ಅಂಟುಪಟ್ಟಿ ಸಾಕು. ಬಿದ್ರ ಕ್ಯಾಮೆರಾನೂ ವೈರೂ ಕಳಚಿಕೊಂಡು ಹೋಗಬೇಕು, ಇಲ್ಲಾಂದ್ರ ಕುತ್ತಿಗಿಗಿ ಪೆಟ್ಟಾಗ್ತದ."

ಮಗಳ ಹೆಲ್ಮೆಟ್ಟಿಗೆ ಕ್ಯಾಮೆರಾ ಅಂಟಿಸಿದ್ದಾಯಿತು. ಹೊಸ ಸಾಮಾನನ್ನು ಪೂಜೆಯಾಗದೆ ಬಳಸುವುದುಂಟೆ? ಕಾಯಿ ಒಡೆದದ್ದೂ ಆಯಿತು. ಆಮೇಲೆ ದೌಲಪ್ಪ ಘನವಾಗಿ ಅಪ್ಪಣೆ ಕೊಡಿಸಿದ: "ನಾ ಹಿಂದ ಕೂಡ್ತೀನಿ. ನೀ ಗಾಡಿ ಹ್ಯಾಂಗ ಹೊಡೀತಿ ನೋಡೇ ಚಾವಿ ಕೊಡೋದು!"

ಮಗಳಿಗೆ ಮಧ್ಯಾಹ್ನದ ಡ್ಯೂಟಿ ಇತ್ತು. ಅಪ್ಪ ಮಗಳು ಹೆಲ್ಮೆಟ್ ತೊಟ್ಟು ಹೊರಟರು. ಹಾಜಿರಾ ತನ್ನ ಗಾಡಿಯಲ್ಲಿ ಮುಂದೆ ಹೋದಳು. ಶರಣಬಸವೇಶ್ವರ ದೇವಸ್ಥಾನದ ಮುಂದೆ ಮೂವರೂ ಇಳಿದರು. ದೌಲಪ್ಪ ಮೊದಲು ಚಾವಿ ಕಿತ್ತು ಜೇಬಿಗಿಟ್ಟ, ಆಮೇಲೆ ದೇವರಿಗೆ ಕೈಮುಗಿದ.

ಹಾಜಿರಾ ರೆಕಾರ್ಡರಿನ ಕಾರ್ಡನ್ನು ಮೊಬೈಲಿಗೆ ಹಾಕಿದಳು. ರಸ್ತೆಯಿಲ್ಲ, ಲಾರಿಯಿಲ್ಲ. ಬರೀ ಬೆಳ್ಳನೆ ಮಂಜು!

"ನೋಡಿದ್ಯಾ? ಎಲ್ಲಾ ದಂಡ!" ದೌಲಪ್ಪನಿಗೆ ಹಿಗ್ಗೋ ಹಿಗ್ಗು.

ಹಾಜಿರಾ ಹೆಲ್ಮೆಟ್ ತಿರುಗಿಸಿ ನೋಡಿದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕ್ಯಾಮೆರಾದ ಮೇಲೆ ಅಡ್ಡಡ್ಡ ಮೂರು ಪಟ್ಟೆ ವಿಭೂತಿ! "ಕಾಕಾ, ಇದ್ಯಾರು ಹಚ್ಚಿದ್ರಿ?"

"ನಾನೇ... ಹಣಿ ಇರಬೇಕು ಅಂತ ಹಚ್ಚಿದ್ನೆವ್ವಾ!"

"ಹಣಿ ಅಲ್ರಿ, ಅದು ಕಣ್ಣು! ಮನೀ ಬಿಡೋ ಮುಂಚೆ ಒಮ್ಮೆ ವಿಡಿಯೊ ತೆಗೆದು ನೋಡಬೇಕಿತ್ತು, ನಾನೂ ಮರ್ತೆ."

ಅಷ್ಟರಲ್ಲಿ ಮೊಬೈಲಿನಿಂದ ಮಾತು ಕೇಳಿಸಿತು. ಚಿತ್ರ ಮಂಜಾದರೂ ದನಿ ತುಂಬಿಕೊಂಡಿತ್ತು. ರಿಂಗ್ ರೋಡಿನ ಹತ್ತಿರ ಗಾಡಿಗಳೆಲ್ಲ ನಿಂತಾಗಿನ ಮಾತು. ದೌಲಪ್ಪನದೇ ದನಿ: "ಏ ಭುವನಾ, ರಾಂಗ್ ಸೈಡಿಗಿ ಹಾಕು! ಯಾರು ನೋಡ್ತಾರ?"

ಮಗಳ ದನಿ: "ಇಲ್ಲಪ್ಪಾ. ನಂಗ ಹೊಡದ ಆಟೊದವನೂ ಹಿಂಗೇ ಅಂದಿರಬೇಕು."

ಆಮೇಲೆ ಬರೀ ಹಾರ್ನಿನ ಸದ್ದು.

ದೌಲಪ್ಪನಿಗೆ ನಾಚಿಕೆಯಾಯಿತು. ಮಗಳ ತಪ್ಪು ಹಿಡಿಯಲು ಬಂದವನು ತಾನೇ ಸಿಕ್ಕಿಬಿದ್ದಿದ್ದ. ಅವಳ ಮುಖ ನೋಡಿದ, ಹೆಮ್ಮೆಯಿಂದ ಎದೆ ತುಂಬಿತು. ಟವೆಲಿನಿಂದ ವಿಭೂತಿ ಒರೆಸಿ ಚಾವಿಯನ್ನು ಅವಳ ಕೈಗಿಟ್ಟ. "ತಪ್ಪು ನಂದವ್ವಾ. ನೀ ಡ್ಯೂಟಿಗಿ ನಡಿ, ನಾ ಬಸ್ಸಿಗಿ ಹೋಗ್ತೀನಿ." ಬಸ್ಸಿನಲ್ಲಿ ನಿಂತೇ ಊರು ಸೇರಬೇಕಾಯಿತು, ಆದರೂ ದಾರಿಯುದ್ದಕ್ಕೂ ನಗುತ್ತಲೇ ಹೋದ.

ಈ ಕಥೆ ಕೇಳಿದವರೇ, ನಿಮ್ಮ ಮನೆಯಲ್ಲೂ ಗಾಡಿ ಇದ್ದೀತು. ತಲೆ ಕಾಯುವುದು ಹೆಲ್ಮೆಟ್, ಅದನ್ನು ಮರೆಯಬೇಡಿ. ಕ್ಯಾಮೆರಾ ಕಾಯುವುದು ನಿಜವನ್ನು. ಹಚ್ಚುವ ಮೊದಲು ನಿಮ್ಮೂರಿನ ಟ್ರಾಫಿಕ್ ಪೊಲೀಸರಲ್ಲಿ ನಿಯಮ ಕೇಳಿಕೊಳ್ಳಿ. ಹೊರಡುವ ಮೊದಲು ಒಮ್ಮೆ ವಿಡಿಯೊ ತೆಗೆದು ನೋಡಿ, ಓಡಿಸುವಾಗ ಮುಟ್ಟಬೇಡಿ. ಏನಾದರೂ ನಡೆದರೆ ಆ ವಿಡಿಯೊ ಅಳಿಸಿಹೋಗುವ ಮೊದಲೇ ಬೇರೆ ತೆಗೆದಿಟ್ಟು ಪೊಲೀಸರಿಗೆ ಕೊಡಿ, ವಾಟ್ಸಾಪ್ ಗುಂಪಿಗಲ್ಲ. ವಿಭೂತಿಯನ್ನು ಕ್ಯಾಮೆರಾ ಬಂದ ಡಬ್ಬಿಗೆ ಹಚ್ಚಿದರೆ ಸಾಕು. ಮತ್ತೆ, ಮಗಳ ಗಾಡಿಯ ಚಾವಿ ನಿಮ್ಮ ಜೇಬಿನಲ್ಲಿದ್ದರೆ ಇವತ್ತೇ ಅವಳ ಕೈಗೆ ಕೊಟ್ಟುಬಿಡಿ.