ಮುಟ್ಟಿ ನೋಡಿ ಮಾವ

ಕಂಡಕ್ಟರ್ ಸೀಟಿ ಊದಿದ, ಬಸ್ಸು ಅಲ್ಲಾಡಲಿಲ್ಲ, ಮತ್ತೆ ಊದಿದ, ಮುಂದಿನ ಸೀಟಿನ ಹೆಂಗಸಿನ ಮಡಿಲಲ್ಲಿ ಸ್ಟೀಲ್ ಕ್ಯಾರಿಯರ್, ಮುಚ್ಚಳದ ಸಂದಿಯಿಂದ ಉಪ್ಸಾರಿನ ವಾಸನೆ, ಮೈಕ್ರೋವೇವಿನಲ್ಲಿ ಸ್ಟೀಲ್ ಇಡಬೇಡಿ ಅತ್ತೆ, ಒಳಗೆ ಕಿಡಿ ಹಾರುತ್ತೆ, ಮೊಟ್ಟೆ ಇಡಬೇಡಿ, ಸಿಡಿಯುತ್ತೆ, ಎಲ್ಲಾ ಹೇಳಿಕೊಟ್ಟಿದ್ದೆ, ಹೇಳಬಾರದ ಒಂದು ಮಾತನ್ನೂ ಹೇಳಿಬಿಟ್ಟಿದ್ದೆ — ಹೊರಡಪ್ಪಾ, ಹೊರಡು, ಹಾರೋಹಳ್ಳಿಯಿಂದ ಕನಕಪುರ ಏನು ಕಾಶಿಯೇ, ಇನ್ನೂ ಯಾರಿಗೆ ಕಾಯುತ್ತಿದ್ದೀಯ. ಫೋನಿನಲ್ಲಿ ಅತ್ತೆ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ, ಅದೇ ಭಯ ನನಗೆ, ಮುನಿಯಮ್ಮ ಅನ್ನುವ ಹೆಂಗಸು ಬೈಯದೆ ನನ್ನ ಹತ್ತಿರ ಮಾತಾಡಿದ್ದು ನಾನು ಸೊಸೆಯಾಗಿ ಬಂದಮೇಲೆ ಇದೇ ಮೊದಲು, ಲತಾ, ನಿಮ್ಮಾವ ಮುದ್ದೆ ನುಂಗಿ ಗಂಟ್ಲು ಸುಟ್ಕಂಡವ್ರೆ ಕಣವ್ವ, ಮಾತೇ ಹೊರ್ಡ್ತಿಲ್ಲ, ನಟರಾಜು ಆಸ್ಪತ್ರೆಗೆ ಕರ್ಕಂಡೋದ, ನೀನೂ ಬಂದ್ಬುಡು. ಸೂಪರ್‌ವೈಸರಿಗೆ ಹೇಳಿದರೆ ಆತ ನಕ್ಕುಬಿಟ್ಟ, ಮುದ್ದೆ ತಿಂದು ಯಾರಾದ್ರೂ ಆಸ್ಪತ್ರೆ ಸೇರ್ತಾರೇನಮ್ಮ, ಹಾಳಾದವನು, ನಗು ನಗು. ಹೊರಟಿತು, ಸದ್ಯ.

ಆ ಪೆಟ್ಟಿಗೆ ಬೇಕು ಅಂದವಳು ನಾನೇ, ಬೇಡ ಅಂದವರು ಅತ್ತೆ, ನನ್ನ ಗಂಡ ನಟರಾಜು ಎಂದಿನಂತೆ ಇಬ್ಬರಿಗೂ ಹೂಂ ಅಂದ, ಬೇಕು ಅಂತ ನನ್ನ ಕಡೆ ನಿಂತವರು ಮಾವ ಒಬ್ಬರೇ. ಬೆಂಕಿ ಇಲ್ದೆ ಬೇಯೋದು ಯಾವ್ ಸೀಮೆ ಅಡ್ಗೆ ಅಮ್ಮಿ, ಒಗ್ಗರಣೆ ಆಯ್ತದಾ ಅದ್ರಲ್ಲಿ, ಇಲ್ಲ ಅತ್ತೆ, ಬಸ್ಸಾರು ಆಯ್ತದಾ, ಇಲ್ಲ, ಮುದ್ದೆ ಆಯ್ತದಾ, ಆಗುತ್ತೆ ಅತ್ತೆ, ವಿಡಿಯೋದಲ್ಲಿ ತೋರಿಸಿದ್ದಾರೆ ಅಂತ ಜಂಬದಿಂದ ಮಾಡಿದೆನಲ್ಲ, ಬಟ್ಟಲು ತುಂಬ ಗಂಟುಗಂಟು ರಾಗಿ, ಎಮ್ಮೆಯೂ ಮೂಸಲಿಲ್ಲ, ಮೂರು ದಿನ ಬೀದಿಗೆಲ್ಲ ಅದೇ ಸುದ್ದಿ. ಆದರೂ ಹಾಲು ಉಕ್ಕುವುದಿಲ್ಲ, ಹಪ್ಪಳಕ್ಕೆ ಎಣ್ಣೆ ಬೇಡ, ನಿನ್ನೆಯ ಸಾರು ತಳ ಹಿಡಿಯದೆ ಬಿಸಿಯಾಗುತ್ತೆ, ಅಷ್ಟೇ ತಾನೇ ನನಗೆ ಬೇಕಾಗಿದ್ದುದು, ಬಿಸಿ, ಅತ್ತೆಯ ಬಲಗೈ ಮುರಿದು ರಾಡು ಹಾಕಿದಮೇಲೆ ಮುದ್ದೆಕೋಲು ತಿರುಗಿಸುವವರು ಯಾರು, ಗ್ಯಾಸ್ ಹಚ್ಚಿ ಪಾತ್ರೆ ಇಳಿಸುವವರು ಯಾರು, ಬೆಳಿಗ್ಗೆ ನಾನೇ ಕಟ್ಟಿಟ್ಟು ಫ್ಯಾಕ್ಟರಿ ಬಸ್ಸು ಹಿಡಿದರೆ ಮಧ್ಯಾಹ್ನಕ್ಕೆ ಅದು ಗುಂಡುಕಲ್ಲು. ಮಾವ ಮಾತ್ರ ತಣ್ಣನೆ ಮುದ್ದೆಯನ್ನೂ ದೂರದೆ ನುಂಗುತ್ತಿದ್ದರು, ಚೆನ್ನಾಗೈತೆ ಕಣ್ ಮಗ, ಒಸಿ ಗಟ್ಟಿ ಅಷ್ಟೆ, ಅನ್ನುತ್ತಿದ್ದರು, ಅದಕ್ಕೇ ನನಗೆ ಸಂಕಟ. ಪೆಟ್ಟಿಗೆ ಬಂದ ದಿನ ಸ್ಟೂಲ್ ಎಳೆದುಕೊಂಡು ಅದರ ಮುಂದೆ ಕೂತರು, ಒಳಗೆ ದೀಪ, ದೀಪದಲ್ಲಿ ಮುದ್ದೆ ಗಿರಗಿರ ಸುತ್ತುವುದು, ಲೇ ಮುನಿಯಮ್ಮ, ಬಾರಮ್ಮಿ, ದೇವ್ರು ಪ್ರದಕ್ಷಿಣೆ ಹಾಕ್ದಂಗೆ ಹಾಕ್ತಾ ಐತೆ ನೋಡು. ಅತ್ತೆ ಬರಲಿಲ್ಲ. ಅವತ್ತಿಂದ ಗುಂಡಿ ಒತ್ತುವುದು ಮಾವನ ಕೆಲಸ, ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಮುಟ್ಟುವಂತಿರಲಿಲ್ಲ — ಯಾಕೆ ಬ್ರೇಕು, ಕುರಿ, ರಸ್ತೆ ತುಂಬ ಕುರಿ, ಹಾರ್ನ್ ಹೊಡಿಯಯ್ಯಾ. ಎಷ್ಟು ಹೊತ್ತು ಇಡ್ಬೇಕು ಮಗ, ಅಂತ ಕೇಳಿದ್ದರು, ನಾನು ಬಸ್ಸಿಗೆ ಓಡುತ್ತ, ಒಂದು ಕೈಲಿ ಚಪ್ಪಲಿ, ಒಂದು ನಿಮಿಷ ಇಡಿ, ಮುಟ್ಟಿ ನೋಡಿ ಮಾವ, ಬಿಸಿ ಸಾಲದಿದ್ದರೆ ಮತ್ತೆ ಒತ್ತಿ ಅಂದೆ. ಮುಟ್ಟಿ ನೋಡಿ. ಯಾರಿಗೆ ಹೇಳಿದೆ ಇದನ್ನ, ರಾಮನಗರದಲ್ಲಿ ಗುಲ್ಜಾರ್ ಬೀ ಅವರ ಮನೆಯಲ್ಲಿ ಮೀಸೆ ಬರುವ ಮುಂಚಿನಿಂದ ರೇಷ್ಮೆ ನೂಲು ಬಿಚ್ಚಿದ ನಮ್ಮ ಮಾವ ಬೈರಪ್ಪನಿಗೆ, ಕುದಿಯುವ ನೀರಿನ ಬಾಣಲೆಯಲ್ಲಿ ಗೂಡು ತೇಲುತ್ತಿದ್ದರೆ ಬರಿಗೈ ಹಾಕಿ ಎಳೆಯ ತುದಿ ಹುಡುಕುತ್ತಿದ್ದ ಕೈಗೆ, ಬಲಗೈಯ ಮೂರು ಬೆರಳು, ತುದಿ ಬೆಳ್ಳಗೆ, ನುಣ್ಣಗೆ, ಗೆರೆಯೇ ಇಲ್ಲ, ರೇಷನ್ ಅಂಗಡಿಯ ಮಿಷನ್ನು ಹೆಬ್ಬೆಟ್ಟು ಗುರುತೇ ಹಿಡಿಯುವುದಿಲ್ಲ, ಒಲೆಯಿಂದ ಕೆಂಡವನ್ನು ಬೆರಳಲ್ಲೇ ಎತ್ತಿ ಬೀಡಿ ಹಚ್ಚುತ್ತಿದ್ದರು, ಮದುವೆಯ ಹೊಸದರಲ್ಲಿ ಅದನ್ನು ನೋಡಿ ನಾನು ಕಿರುಚಿದ್ದೆ, ಮನೆಮಂದಿ ನಕ್ಕಿದ್ದರು, ಈ ಬೆರಳಿಗೆ ಬಿಸಿನೂ ಒಂದೇ ತಣ್ಣಗಿರೋದೂ ಒಂದೇ ಕಣವ್ವ, ಅಂದಿದ್ದರು ಮಾವ. ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ, ಪಾಪಿ. ಅತ್ತೆ ಫೋನಿನಲ್ಲಿ ಅದನ್ನೇ ಹೇಳಿದರು, ಒತ್ತುದ್ರು, ಮುಟ್ಟುದ್ರು, ಬಿಸಿನೇ ಆಗಿಲ್ಲ ಅಂದ್ರು, ತಿರ್ಗಾ ಒತ್ತುದ್ರು, ತಿರ್ಗಾ ಮುಟ್ಟುದ್ರು. ಮೇಲೆಲ್ಲ ಒಣಗಿ ತೊಗಲಾಗಿರುತ್ತೆ, ಒಳಗೆ ಕೆಂಡ, ಅನ್ನವಾಗಿದ್ದರೆ ಅಗಿಯುತ್ತಿದ್ದರು, ನಾಲಿಗೆ ಚುರ್ ಅಂದು ಉಗಿಯುತ್ತಿದ್ದರು, ಮುದ್ದೆಯನ್ನು ಯಾರು ಅಗಿಯುತ್ತಾರೆ, ಮೂರು ಬೆರಳಲ್ಲಿ ಮುರಿ, ಸಾರಿಗೆ ಅದ್ದು, ಗುಳುಂ. ಅಯ್ಯೋ ಮಾವ.

ಆಸ್ಪತ್ರೆ ಮೆಟ್ಟಿಲು, ಫಿನಾಯಿಲ್, ನಟರಾಜು ಕಂಬಕ್ಕೆ ಒರಗಿ ನಿಂತಿದ್ದಾನೆ, ನನ್ನ ಮುಖ ನೋಡುತ್ತಿಲ್ಲ, ಡಾಕ್ಟ್ರು ಏನಂದ್ರು, ಒಳಗೆ ಬೊಬ್ಬೆ ಎದ್ದೈತಂತೆ, ಇಂಜೆಕ್ಷನ್ ಕೊಟ್ಟವ್ರೆ, ತಣ್ಣಗಿರೋ ಹಾಲು ಒಂದ್ ಗುಟುಕು ಕುಡಿಸಿ ಅಂದವ್ರೆ, ಇಳುದ್ರೆ ಸರಿ, ಇಳೀನಿಲ್ಲ ಅಂದ್ರೆ ಬೆಂಗಳೂರಿಗೇ ಕರ್ಕಂಡೋಗ್ಬೇಕಂತೆ. ಅತ್ತೆ ಮಂಚದ ಪಕ್ಕ ಎಡಗೈಯಲ್ಲಿ ಲೋಟ ಹಿಡಿದು ಕೂತಿದ್ದಾರೆ, ಬೈಯಿರಿ ಅತ್ತೆ, ಒಂದು ಸಲ ಬಾಯಿ ತುಂಬ ಬೈದುಬಿಡಿ, ಬೈಯಲಿಲ್ಲ, ನೀನೇ ಕುಡ್ಸು, ಎಡಗೈಲಿ ಚೆಲ್ಲೋಯ್ತದೆ, ಅಂದರು. ಮಾವ ಕಣ್ಣು ಬಿಟ್ಟರು, ತುಟಿ ಊದಿದೆ, ನನ್ನನ್ನು ನೋಡಿ ನಗಲು ಹೋದರು, ಆಗಲಿಲ್ಲ, ಲೋಟವನ್ನು ಕೆನ್ನೆಗೆ ಒತ್ತಿ ನೋಡಿದೆ, ತಣ್ಣಗಿದೆ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿದೆ, ತಣ್ಣಗಿದೆ, ಕುಡೀರಿ ಮಾವ, ಬಾಯಿಯ ಹತ್ತಿರ ತಂದೆ, ತಡಿ ಅನ್ನುವ ಹಾಗೆ ಕೈ ಎತ್ತಿದರು. ಏನು ಮಾವ, ಏನು ಬೇಕು. ಬಲಗೈ ನಿಧಾನಕ್ಕೆ ಬಂತು, ಮೂರು ಬೆರಳು, ಲೋಟದ ಒಳಗೆ ಇಳಿದವು, ಹಾಲಿನಲ್ಲಿ ಒಂದು ಗಳಿಗೆ ನಿಂತವು, ಹೇಳಿಕೊಟ್ಟವಳು ನಾನಲ್ಲವೇ, ನಾನು ಹೇಳಿದ ಮಾತನ್ನು ಯಾವತ್ತು ಮೀರಿದ್ದಾರೆ, ಮುಟ್ಟಿ ನೋಡಿದರು, ನೋಡಿ ನನ್ನ ಕಡೆ ತಿರುಗಿ ತಲೆ ಆಡಿಸಿದರು, ಬಿಸಿ ಇಲ್ಲ, ಬಿಸಿ ಇಲ್ಲ ಮಗ ಅನ್ನುವ ಹಾಗೆ — ಆಮೇಲೆ ಕುಡಿದರು, ಗಂಟಲು ಏರಿತು, ನಿಂತಿತು, ಇಳಿಯಿತು, ಅತ್ತೆ ತಾಯೀ ಕಬ್ಬಾಳಮ್ಮಾ ಅಂತ ಕೈ ಮುಗಿದರು, ನಟರಾಜು ಡಾಕ್ಟರಿಗೆ ಹೇಳಲು ಹೊರಗೆ ಓಡಿದ, ನನಗೆ ಮಾತ್ರ ಕಾಣುತ್ತಿರುವುದು ಅಷ್ಟೇ, ಹಾಲು ತೊಟ್ಟಿಕ್ಕುವ ಮೂರು ಬೆರಳು, ಬೆಳ್ಳನೆಯ ತುದಿ, ಏನೂ ತಿಳಿಯದ ಮೂರು ಬೆರಳು, ಮೂರು ಬೆರಳು.